ಮಹಾಮಾರಿಯ ಕಾಲದಲ್ಲಿ ಇತರ ರೋಗಿಗಳ ಪಾಡು

ಒಂದು ಸೀಮೆಗೆ ಮಹಾಮಾರಿಯು ಬಂದುಹೋದ ಬಳಿಕ ಅದರ ಇತಿಹಾಸವನ್ನು ಬರೆಯುವವರು ಆ ಮಾರಿಯಿಂದ ಸತ್ತವರೆಷ್ಟು, ಉಳಿದವರೆಷ್ಟು ಎಂಬ ಲೆಕ್ಕವನ್ನೇ ಮೊದಲು ಹಿಡಿಯುವರು. ಅದು ಯೋಗ್ಯವೇ ಸರಿ. ಆದರೆ ಅದೇ ದಿನಗಳಲ್ಲಿ ಎದೆನೋವು ಬಂದವನು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವನು, ಹೆರಿಗೆಯ ಬೇನೆ ತಿನ್ನುತ್ತಿದ್ದವಳು, ಕ್ಷಯದ ಗುಳಿಗೆ ತೀರಿಹೋದವನು ಇವರೆಲ್ಲರು ಯಾವ ಬಾಗಿಲನ್ನು ತಟ್ಟಿದರು, ಆ ಬಾಗಿಲು ತೆರೆಯಿತೋ ಇಲ್ಲವೋ ಎಂಬ ಸಂಗತಿಯನ್ನು ವಿಚಾರಿಸುವವರು ವಿರಳ. ರೋಗಗಳು ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಸರದಿಯಿಂದ ಬರುವವಲ್ಲ. ೨೦೨೦ನೆಯ ಇಸವಿಯಲ್ಲಿ ಕೋವಿಡ್ ಬಂದಿತೆಂದು ಮಿಕ್ಕ ಬೇನೆಗಳು ರಜೆಯ ಮೇಲೆ ಹೋಗಲಿಲ್ಲ. ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ನಮ್ಮ ಸೀಮೆಯ ಅನೇಕ ಹಿರಿಮೆಗಳು ವರ್ಣಿತವಾಗುವವು. ಅವುಗಳ ನಡುವೆ ಈ ಒಂದು ದುಃಖದ ಪ್ರಕರಣಕ್ಕೂ ಒಂದಿಷ್ಟು ಎಡೆಯಿರಲೆಂದು ಈ ಲೇಖನವನ್ನು ಕೈಕೊಂಡಿದ್ದೇನೆ.

ಮೊದಲು ನಮ್ಮ ನೆಲದ ನೆಲೆಯನ್ನು ಅರಿಯಬೇಕು. ಸಾಯಗಾಂವವು ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಒಂದು ಹೋಬಳಿಯ ಊರು. ಇಲ್ಲಿಂದ ಪಡುವಲಿಗೂ ಬಡಗಲಿಗೂ ಸ್ವಲ್ಪ ದೂರ ನಡೆದರೆ ಮಹಾರಾಷ್ಟ್ರದ ಸೀಮೆ ಹತ್ತುವದು. ಇತ್ತ ಭಾಲ್ಕಿಗೆ ಹೋಗಿ, ಅಲ್ಲಿಂದ ಮತ್ತೆ ಸುಮಾರು ೪೦ ಕಿಲೋಮೀಟರು ಸಾಗಿದರೆ ಬೀದರ ಪಟ್ಟಣ. ಬೀದರದಿಂದ ಹೈದರಾಬಾದಿಗೆ ಸುಮಾರು ೧೪೦ ಕಿಲೋಮೀಟರು. ನೆಗಡಿ ಕೆಮ್ಮುಗಳಿಗೆ ಊರ ಆರೋಗ್ಯ ಕೇಂದ್ರವು ಸಾಕು; ತುಸು ಹೆಚ್ಚಾದರೆ ಭಾಲ್ಕಿ; ಅದಕ್ಕೂ ಮೀರಿದರೆ ಬೀದರ; ಬೀದರದವರು ಕೈಚೆಲ್ಲಿದರೆ ಹೈದರಾಬಾದ, ಇಲ್ಲವೆ ಸೊಲ್ಲಾಪುರ, ಲಾತೂರು. ಉದಗೀರದ ಡಾಕ್ತರರ ಹೆಸರುಗಳನ್ನು ನಮ್ಮ ಕಡೆಯ ಮುದುಕಿಯರು ಬಾಯಿಪಾಠವಾಗಿ ಹೇಳಬಲ್ಲರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೈದರಾಬಾದ ಸಂಸ್ಥಾನದ ಕಾಲದಲ್ಲಿ ಉದಗೀರ, ನಿಲಂಗಾ, ಅಹಮದಪುರಗಳು ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ೧೯೫೬ನೆಯ ಇಸವಿಯ ನವೆಂಬರ ೧ರಂದು ಭಾಷಾವಾರು ಪ್ರಾಂತಗಳು ಏರ್ಪಟ್ಟಾಗ ಆ ತಾಲೂಕುಗಳು ಮುಂಬಯಿ ಪ್ರಾಂತಕ್ಕೂ, ಜಹೀರಾಬಾದ, ನಾರಾಯಣಖೇಡದ ಕಡೆಯ ನೆಲವು ಆಂಧ್ರಕ್ಕೂ, ಉಳಿದ ಬೀದರವು ಮೈಸೂರಿಗೂ ಸೇರಿದವು. ನಕಾಶೆಯಲ್ಲಿ ಗೆರೆ ಬಿದ್ದಿತು. ಆದರೆ ಸೋಯರಿಕೆ, ಸಂತೆ, ದವಾಖಾನೆ ಈ ಮೂರೂ ಗೆರೆಯನ್ನು ಲೆಕ್ಕಿಸದೆ ಹಿಂದಿನಂತೆಯೇ ನಡೆದವು. ಆ ಗೆರೆಗೆ ಜೀವ ಬಂದದ್ದನ್ನು ನಾವು ಕಂಡದ್ದು ೨೦೨೦ರ ಚೈತ್ರಮಾಸದಲ್ಲಿ.

ಆ ವಿಷಯಕ್ಕೆ ಬರುವ ಮುಂಚೆ ಹಿಂದಿನ ಮಾರಿಗಳನ್ನು ಒಂದಿಷ್ಟು ನೋಡೋಣ. ೧೮೯೬ರಲ್ಲಿ ಮುಂಬಯಿಗೆ ಗಡ್ಡೆಯ ಪ್ಲೇಗು ಬಂದಿತು. ೧೮೯೮ರಲ್ಲಿ ಅದು ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಹೊಕ್ಕಿತು. ಅದನ್ನು ತಡೆಯಲಿಕ್ಕೆಂದು ಬ್ರಿಟಿಶ್ ಸರಕಾರವು ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ೨೦೨೦ರಲ್ಲಿ ನಮ್ಮನ್ನು ಆಳಿದ ಕಟ್ಟಳೆಗಳಿಗೂ ಇದೇ ಕಾಯಿದೆಯು ಆಧಾರವಾಗಿದ್ದಿತೆಂಬುದು ಗಮನಿಸತಕ್ಕ ಮಾತು. ಪ್ಲೇಗಿನ ಕಾಲದಲ್ಲಿ ಮನೆಮನೆಯನ್ನು ಶೋಧಿಸಿ ರೋಗಿಗಳನ್ನು ಬಲಾತ್ಕಾರದಿಂದ ಒಯ್ಯುತ್ತಿದ್ದರು. ಅದರ ಫಲವಾಗಿ ಜನರಿಗೆ ರೋಗಕ್ಕಿಂತ ಆಸ್ಪತ್ರೆಯ ಭಯವೇ ಹೆಚ್ಚಾಯಿತು. ಮೈ ಬಿಸಿಯಾದವರನ್ನು ಅಟ್ಟದ ಮೇಲೆ, ಹಗೆವಿನಲ್ಲಿ ಬಚ್ಚಿಡುವ ಪರಿಪಾಠ ಬಿದ್ದಿತು. ಪ್ಲೇಗಲ್ಲದ ಸಾದಾ ಜ್ವರದವನೂ ಈ ಭಯದಿಂದ ಔಷಧಕ್ಕೆ ಎರವಾದನು. ಮಾರಿಯ ಕಾಲದಲ್ಲಿ ಇತರ ರೋಗಿಗಳಿಗೆ ಒದಗುವ ಮೊದಲನೆಯ ಹಾನಿಯು ಇದು, ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲಿಕ್ಕೆ ಅಂಜುವದು.

ಆ ಕಾಲದ ವೈದ್ಯಾಧಿಕಾರಿಗಳು ಒಂದು ವಿಷಯದಲ್ಲಿ ಮಾತ್ರ ದೂರದೃಷ್ಟಿಯುಳ್ಳವರಾಗಿದ್ದರು. ಸಾಂಕ್ರಾಮಿಕ ರೋಗಿಗಳಿಗೆ ಊರ ಹೊರಗೆ ಬೇರೆ ಮನೆ, ಮಿಕ್ಕವರಿಗೆ ಊರೊಳಗಿನ ದವಾಖಾನೆ ಎಂಬ ನಿಯಮವನ್ನು ಅವರು ಹಿಡಿದಿದ್ದರು. ನಿಜಾಮರ ಹೈದರಾಬಾದಿನಲ್ಲಿ ೧೮೬೬ರಲ್ಲಿ ಸ್ಥಾಪಿತವಾದ ಅಫ್ಜಲಗಂಜ ದವಾಖಾನೆಯು ೧೯೦೮ರ ಮೂಸಿ ನದಿಯ ಮಹಾಪೂರದಲ್ಲಿ ಹಾಳಾಯಿತು. ಅದರ ಬದಲಿಗೆ ಎದ್ದ ಭವ್ಯ ಕಟ್ಟಡವೇ ಉಸ್ಮಾನಿಯಾ ದವಾಖಾನೆ. ನಡುವೆ ೧೯೧೧ರಲ್ಲಿ ನಗರಕ್ಕೆ ಪ್ಲೇಗು ಬಂದಿತು. ಬಳಿಕ ಅಂಟುರೋಗಗಳಿಗಾಗಿಯೇ ಪ್ರತ್ಯೇಕವಾದ ಒಂದು ಆಸ್ಪತ್ರೆಯು ಹುಟ್ಟಿ, ಮುಂದೆ ನಲ್ಲಕುಂಟದಲ್ಲಿ ನೆಲೆಗೊಂಡಿತು. ಕ್ವಾರಂಟೈನ್ ಎಂಬ ಇಂಗ್ಲಿಷ್ ಶಬ್ದವು ಜನರ ನಾಲಗೆಯ ಮೇಲೆ ಹೊರಳಿ ಅದು 'ಕೊರಂಟಿ ದವಾಖಾನೆ' ಎನಿಸಿತು. ೨೦೨೦ರಲ್ಲಿ ಪತ್ರಿಕೆಗಳು ಕ್ವಾರಂಟೈನ್ ಎಂಬುದು ಹೊಸ ಮಾತೆಂಬಂತೆ ಅರ್ಥ ವಿವರಿಸತೊಡಗಿದಾಗ, ಹೈದರಾಬಾದನ್ನು ಬಲ್ಲ ಮುದುಕರು ನಕ್ಕಿದ್ದರೆ ತಪ್ಪಿರಲಿಲ್ಲ.

೧೯೧೮ರ ಇನ್ಫ್ಲುಯೆಂಝಾದ ಕಥೆಯು ಬೇರೆಯೇ ತೆರನಾದದ್ದು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ಆ ವರ್ಷದ ಜೂನದಲ್ಲಿ ಮುಂಬಯಿಯ ಬಂದರಿಗೆ ತಲುಪಿದ ಆ ಜ್ವರವು ಅಶ್ವಿನ ಕಾರ್ತಿಕಗಳಲ್ಲಿ ದಖ್ಖನದ ಹಳ್ಳಿಗಳನ್ನು ಬಡಿಯಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಹಿಂದೂಸ್ಥಾನದಲ್ಲಿ ಅದರಿಂದ ಮಡಿದವರು ೧ ಕೋಟಿ ೨೦ ಲಕ್ಷಕ್ಕೆ ಕಡಿಮೆಯಿಲ್ಲವೆಂದು ಪಂಡಿತರ ಅಂದಾಜು. ಹೈದರಾಬಾದ ಸಂಸ್ಥಾನದ ಜನಗಣತಿಯು ೧೯೧೧ರಲ್ಲಿ ೧ ಕೋಟಿ ೩೩ ಲಕ್ಷಕ್ಕೂ ಮಿಕ್ಕಿದ್ದದ್ದು ೧೯೨೧ರಲ್ಲಿ ೧ ಕೋಟಿ ೨೪ ಲಕ್ಷದಷ್ಟಕ್ಕೆ ಇಳಿಯಿತು. ಪ್ಲೇಗು, ಬರ, ಇನ್ಫ್ಲುಯೆಂಝಾ ಮೂರೂ ಕೂಡಿ ಹತ್ತು ವರುಷಗಳ ಬೆಳೆಯನ್ನು ಮೇಯ್ದುಬಿಟ್ಟವು. ಆದರೆ ಆಗ ನಮ್ಮ ಹಳ್ಳಿಗಳವರಿಗೆ ಆಸ್ಪತ್ರೆಯ ಆಸರೆಯೇ ಅಷ್ಟಾಗಿ ಇದ್ದಿಲ್ಲವಾದದ್ದರಿಂದ ಆಸ್ಪತ್ರೆ ಮುಚ್ಚಿತೆಂಬ ಪ್ರಶ್ನೆಯೂ ಹುಟ್ಟಲಿಲ್ಲ. ನಾಡವೈದ್ಯನು, ಹಕೀಮನು, ಸೂಲಗಿತ್ತಿಯು, ಅಜ್ಜಿಯ ಕಷಾಯವು ಇವೇ ಎಲ್ಲ ರೋಗಕ್ಕೂ ಆಧಾರ. ನೂರು ವರ್ಷಗಳಲ್ಲಿ ನಾವು ಬಹುದೂರ ಬಂದೆವು. ಎದೆಯ ರಕ್ತನಾಳವನ್ನು ಬಿಡಿಸುವ, ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರದಿಂದ ಮಾಡಿಸುವ, ಅರ್ಬುದದ ಗಡ್ಡೆಯನ್ನು ಕಿರಣಗಳಿಂದ ಸುಡುವ ವಿದ್ಯೆಗಳು ಬಂದವು. ಯಾವನ ಬದುಕು ವಾರಕ್ಕೆ ಎರಡು ಸಲ ಯಂತ್ರಕ್ಕೆ ತೂಗುಬಿದ್ದಿದೆಯೋ ಅವನಿಗೆ ಒಂದು ವಾರ ಆಸ್ಪತ್ರೆಯು ಮುಚ್ಚಿದರೆ ಅದೇ ಮರಣವಾರ್ತೆ. ೧೯೧೮ರಲ್ಲಿ ಇಲ್ಲದ ಕೇಡೊಂದು ೨೦೨೦ರಲ್ಲಿ ಹುಟ್ಟಿದ್ದು ಹೀಗೆ, ವಿದ್ಯೆಯು ಬೆಳೆದದ್ದರಿಂದಲೇ.

ಈಗ ಪ್ರಕೃತಕ್ಕೆ ಬರೋಣ. ಕೋವಿಡ್ಡಿನಿಂದ ಭಾರತದಲ್ಲಿ ಮೊತ್ತಮೊದಲು ಪ್ರಾಣ ಬಿಟ್ಟವರು ನಮ್ಮ ನೆರೆಯ ಕಲಬುರಗಿಯವರು, ೨೦೨೦ರ ಮಾರ್ಚ ೧೦ರಂದು. ಎಪ್ಪತ್ತಾರು ವಯಸ್ಸಿನ ಆ ವೃದ್ಧರನ್ನು ಕಲಬುರಗಿಯಿಂದ ಹೈದರಾಬಾದಿಗೆ ಒಯ್ದು, ತಿರುಗಿ ತರುವಾಗ ದಾರಿಯಲ್ಲಿಯೇ ಅವರು ತೀರಿಕೊಂಡರು. ನಮ್ಮ ಭಾಗದ ರೋಗಿಗಳೆಲ್ಲರು ಸವೆಸಿದ ಹಳೆಯ ದಾರಿಯೇ ಅದು. ಮಾರ್ಚ ೨೫ರಿಂದ ದೇಶವೆಲ್ಲ ಬಂದ ಆಯಿತು. ರೈಲು ನಿಂತಿತು, ಭಾಲ್ಕಿ, ಕಮಲನಗರ, ಉದಗೀರಗಳನ್ನು ಹೊಲಿದಿದ್ದ ಗಾಡಿಗಳ ಸದ್ದು ಅಡಗಿತು, ಬಸ್ಸು ನಿಂತಿತು. ಊರೂರ ಹಾದಿಗಳಿಗೆ ಮುಳ್ಳುಕಂಟಿ ಬಿದ್ದವು.

ಸರಕಾರದ ಮುಂದೆ ಆಗ ಇದ್ದ ಇಕ್ಕಟ್ಟು ಸಾಮಾನ್ಯವಾದದ್ದಲ್ಲ. ಉಸಿರುಗಟ್ಟಿ ಬರುವ ರೋಗಿಗಳು ನಾಳೆ ಸಾವಿರ ಸಂಖ್ಯೆಯಲ್ಲಿ ಬರಬಹುದು. ಆಮ್ಲಜನಕದ ಕೊಳವೆ, ತೀವ್ರ ನಿಗಾದ ಮಂಚ, ನುರಿತ ದಾದಿಯರು ಇವು ಒಂದೇ ಕಡೆ ಇರುವ ಕಟ್ಟಡವೆಂದರೆ ಜಿಲ್ಲೆಯ ದೊಡ್ಡಾಸ್ಪತ್ರೆ. ಆದದ್ದರಿಂದ ಅದನ್ನೇ ಬರಿದುಮಾಡಿ ಕೋವಿಡ್ಡಿಗೆ ಮೀಸಲಿಟ್ಟರು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಮಂಗಳೂರಿನಲ್ಲಿ ವೆನ್ಲಾಕ್, ಬೀದರದಲ್ಲಿ ಜಿಲ್ಲಾ ಆಸ್ಪತ್ರೆಯನ್ನೊಳಗೊಂಡ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವು ಕೋವಿಡ್ ಆಸ್ಪತ್ರೆಗಳಾದವು. ೧೮೯೭ರಲ್ಲಿ ಅಸ್ತಿವಾರ ಹಾಕಿಸಿಕೊಂಡು ೧೯೦೦ರ ಡಿಸೆಂಬರದಲ್ಲಿ ಲಾರ್ಡ್ ಕರ್ಜನನ ಕೈಯಿಂದ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯು ಬಡವರಿಗೆ ಎಲ್ಲ ಬೇನೆಗಳಿಗೂ ಒಂದೇ ಆಸರೆಯಾಗಿದ್ದಂಥದು. ೧೮೪೮ರಷ್ಟು ಹಳೆಯದಾದ ವೆನ್ಲಾಕಿನ ಒಳರೋಗಿಗಳನ್ನು ಖಾಸಗಿ ವೈದ್ಯವಿದ್ಯಾಲಯಗಳ ಆಸ್ಪತ್ರೆಗಳಿಗೆ ಸಾಗಿಸಿದರು. ಮಂಗಳೂರಿನಲ್ಲಿ ಅಂಥ ಆಸ್ಪತ್ರೆಗಳು ಒಂದಕ್ಕೊಂದು ತಾಕಿದಂತೆ ಇರುವದರಿಂದ ಆ ಏರ್ಪಾಡು ನಡೆಯಿತು. ಆದರೆ ಅಷ್ಟು ಆಸ್ಪತ್ರೆಗಳಿಲ್ಲದ ಬೀದರದಂಥ ಜಿಲ್ಲೆಯಲ್ಲಿ ದೊಡ್ಡಾಸ್ಪತ್ರೆಯ ರೋಗಿಯನ್ನು ಕಳಿಸಲಿಕ್ಕೆ ಎಡೆ ಎಲ್ಲಿ?

ಖಾಸಗಿ ದವಾಖಾನೆಗಳ ಮಾತು ಬೇರೆ. ಆ ಮೊದಲ ತಿಂಗಳುಗಳಲ್ಲಿ ನಾಡಿನಾದ್ಯಂತ ಸಣ್ಣ ದವಾಖಾನೆಗಳು ಬೀಗ ಹಾಕಿಕೊಂಡವು. ಡಾಕ್ತರರನ್ನು ಒಮ್ಮೆಲೇ ಹಳಿಯುವದು ನ್ಯಾಯವಲ್ಲ. ಅವರಲ್ಲಿಯೂ ಅರುವತ್ತು ದಾಟಿದವರು ಅನೇಕರಿದ್ದರು, ಮೈಗೆ ತೊಡುವ ರಕ್ಷಾಕವಚವೂ ಸಿಕ್ಕುತ್ತಿದ್ದಿಲ್ಲ, ಒಬ್ಬ ರೋಗಿಗೆ ಕೋವಿಡ್ ಇದೆಯೆಂದು ಗೊತ್ತಾದರೆ ಇಡಿಯ ದವಾಖಾನೆಯನ್ನೇ ಸೀಲು ಮಾಡುತ್ತಿದ್ದರು. ಆದರೆ ತೆರೆದಿದ್ದ ಕಡೆಗಳಲ್ಲಿಯೂ ಬಾಗಿಲೊಳಗೆ ಬರುವ ಮುಂಚೆ ಕೋವಿಡ್ ಇಲ್ಲವೆಂಬ ಚೀಟಿಯನ್ನು ಕೇಳುವ ಪದ್ಧತಿ ಬಿದ್ದಿತು. ಆ ಪರೀಕ್ಷೆಯ ಫಲವು ಬರಲಿಕ್ಕೆ ಮೊದಮೊದಲು ದಿನಗಳೇ ಹಿಡಿಯುತ್ತಿದ್ದವು. ಎದೆ ಹಿಡಿದುಕೊಂಡು ಬಂದವನಿಗೆ ತಾಸುಗಳ ಲೆಕ್ಕ. ಚೀಟಿಗೆ ದಿನಗಳ ಲೆಕ್ಕ.

ಇಷ್ಟೆಲ್ಲ ಕಷ್ಟಗಳಲ್ಲಿ ನಾಡಿಗೆಲ್ಲ ಕಣ್ಣಿಗೆ ಹೊಡೆದು ಕಂಡದ್ದು ತಲಪಾಡಿಯ ಪ್ರಸಂಗ. ಕಾಸರಗೋಡು ೧೯೫೬ರ ನವೆಂಬರ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು ಆ ದಿನವೇ ಕೇರಳಕ್ಕೆ ಸೇರಿತು. ನಮ್ಮ ಉದಗೀರವು ಬೀದರದಿಂದ ಅಗಲಿದ ದಿನವೇ ಕಾಸರಗೋಡು ಮಂಗಳೂರಿನಿಂದ ಅಗಲಿತೆಂದು ವಾಚಕರು ನೆನಪಿಡಬೇಕು. ಅಲ್ಲಿಯ ಕನ್ನಡಿಗರೂ ತುಳುವರೂ ಮಲೆಯಾಳಿಗಳೂ ದೊಡ್ಡ ಬೇನೆಯೆಂದರೆ ಸುಮಾರು ೫೦ ಕಿಲೋಮೀಟರಿನ ಮಂಗಳೂರಿಗೇ ಹೋಗತಕ್ಕವರು. ಮಂಜೇಶ್ವರದವರಿಗಂತೂ ಅದು ಇನ್ನೂ ಹತ್ತಿರ. ೨೦೨೦ರ ಮಾರ್ಚದ ಕೊನೆಗೆ ಕಾಸರಗೋಡಿನಲ್ಲಿ ಕೋವಿಡ್ ಹೆಚ್ಚಾಯಿತೆಂದು ಕರ್ನಾಟಕ ಸರಕಾರವು ಗಡಿಯ ಹಾದಿಗಳನ್ನು ಮುಚ್ಚಿತು. ಕೆಲವು ಕಡೆ ಹಾದಿಗೆ ಅಡ್ಡಲಾಗಿ ಮಣ್ಣಿನ ದಿಬ್ಬಗಳನ್ನೇ ಸುರಿಯಿಸಿದರು. ಆಂಬುಲೆನ್ಸುಗಳು ತಲಪಾಡಿಯಿಂದ ತಿರುಗಿ ಹೋದವು. ಗರ್ಭಿಣಿಯೊಬ್ಬಳು ದಾರಿಯಲ್ಲಿ, ಆಂಬುಲೆನ್ಸಿನಲ್ಲಿಯೇ ಹೆತ್ತಳು. ಮಂಗಳೂರಿನ ವೈದ್ಯರ ಕೈಕೆಳಗೆ ಬಹುದಿನದಿಂದ ಔಷಧ ತಕ್ಕೊಳ್ಳುತ್ತಿದ್ದ ಹಲವರು ಆ ಆಸ್ಪತ್ರೆಗಳನ್ನು ತಲುಪಲಾರದೆ ಅಸುನೀಗಿದರು. ಅವರಲ್ಲಿ ಯಾರಿಗೂ ಗಡಿಯನ್ನು ಮುಚ್ಚಲಿಕ್ಕೆ ಕಾರಣವಾದ ಆ ರೋಗದ ಔಷಧವು ಬೇಕಾಗಿದ್ದಿಲ್ಲ.

ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ ೧ರಂದು ಕೇರಳದ ಉಚ್ಚ ನ್ಯಾಯಾಲಯವು ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿಯ ತಡೆಯನ್ನು ತೆಗೆಸತಕ್ಕದ್ದೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಕರ್ನಾಟಕವು ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. ಕೊನೆಗೆ ಏಪ್ರಿಲ್ ೭ರಂದು ಎರಡೂ ರಾಜ್ಯಗಳು ಕೂಡಿ ರೋಗಿಗಳ ಸಂಚಾರಕ್ಕೆ ಒಂದು ಕ್ರಮವನ್ನು ಒಪ್ಪಿಕೊಂಡಿವೆಯೆಂದು ಆ ನ್ಯಾಯಾಲಯಕ್ಕೆ ತಿಳಿಸಲಾಯಿತು. ಕರ್ನಾಟಕದ ಭಯವು ನಿರಾಧಾರವಾದದ್ದಾಗಿದ್ದಿಲ್ಲ. ತನ್ನ ಜನರನ್ನು ಕಾಯುವದು ಸರಕಾರದ ಧರ್ಮವೇ ಸರಿ. ಆದರೆ ಏಪ್ರಿಲ್ ೭ರಂದು ಒಪ್ಪಿದ ಕ್ರಮವನ್ನು ಮಾರ್ಚ ೨೫ರಂದೇ ಒಪ್ಪಲಿಕ್ಕೆ ಏನು ಅಡ್ಡಿಯಿತ್ತೆಂಬ ಪ್ರಶ್ನೆಗೆ ಈ ಲೇಖಕನಿಗೆ ಸಮಾಧಾನಕರವಾದ ಉತ್ತರವು ಎಲ್ಲಿಯೂ ದೊರೆತಿಲ್ಲ. ಆ ಅಡ್ಡಿಯ ಒಂದು ಒಳ್ಳೆಯ ಫಲವೆಂದರೆ, ೨೦೧೩ರಲ್ಲಿ ಕಲ್ಲು ಹಾಕಿ ಆಮೆಯ ನಡಿಗೆಯಿಂದ ಏಳುತ್ತಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವು ಆ ಏಪ್ರಿಲದಲ್ಲಿ ಒಮ್ಮೆಲೇ ಆಸ್ಪತ್ರೆಯಾಗಿ ತೆರೆಯಿತು.

ನಮ್ಮ ಕಡೆ ಗಡಿಯ ಕಥೆಯು ನ್ಯಾಯಾಲಯದವರೆಗೆ ಹೋಗಲಿಲ್ಲ, ಪತ್ರಿಕೆಗಳಲ್ಲಿಯೂ ಅಷ್ಟಾಗಿ ಬರಲಿಲ್ಲ. ಆದರೂ ಮಹಾರಾಷ್ಟ್ರದಲ್ಲಿ ರೋಗವು ಹೆಚ್ಚೆಂದು ಆ ಕಡೆಯ ಹಾದಿಗಳ ಮೇಲೆ ಪೋಲೀಸರ ಕಾವಲು ಬಿದ್ದದ್ದನ್ನು ಸಾಯಗಾಂವ, ಔರಾದ, ಕಮಲನಗರಗಳವರೆಲ್ಲರು ಬಲ್ಲರು. ಹೈದರಾಬಾದಿನ ದಿಕ್ಕಿನಲ್ಲಿಯೋ? ಸಿಕಂದರಾಬಾದಿನ ಗಾಂಧೀ ಆಸ್ಪತ್ರೆಯನ್ನು ತೆಲಂಗಾಣ ಸರಕಾರವು ಪೂರ್ತಿ ಕೋವಿಡ್ಡಿಗೇ ಮೀಸಲಿಟ್ಟಿತು. ಅದರ ಉಳಿದ ರೋಗಿಗಳ ಹೊರೆಯು ಉಸ್ಮಾನಿಯಾದ ಮೇಲೆ ಬಿದ್ದಿತು. ಜುಲೈ ೧೫ರ ಮಳೆಗೆ ಉಸ್ಮಾನಿಯಾದ ಹಳೆಯ ಕಟ್ಟಡದೊಳಗೆ ಕೊಳಚೆ ನೀರು ನುಗ್ಗಿ ರೋಗಿಗಳ ಮಂಚಗಳ ಕಾಲು ಮುಳುಗಿದವು. ಆ ತಿಂಗಳೇ ಆ ಕಟ್ಟಡವನ್ನು ಬರಿದುಮಾಡಿ ಬೀಗ ಹಾಕಿದರು. ೧೯೦೮ರ ಪೂರದ ನೆನಪಿದ್ದವರಿಗೆ ಇದು ಇತಿಹಾಸದ ವಿಚಿತ್ರ ಪುನರಾವೃತ್ತಿಯಂತೆ ಕಂಡಿರಬೇಕು. ಗಾಂಧೀ ಆಸ್ಪತ್ರೆಯಲ್ಲಿ ಇತರ ರೋಗಿಗಳಿಗೆ ಬಾಗಿಲು ಮತ್ತೆ ತೆರೆದದ್ದು ಆ ನವೆಂಬರದಲ್ಲಿ.

ಇನ್ನು ಯಾವ ಯಾವ ರೋಗದವರಿಗೆ ಎಷ್ಟೆಷ್ಟು ಪೆಟ್ಟು ಬಿದ್ದಿತೆಂಬುದನ್ನು ಕೆಲವು ಲೆಕ್ಕಗಳಿಂದ ತಿಳಿಯಬಹುದು. ಕ್ಷಯರೋಗವನ್ನೇ ಮೊದಲು ನೋಡೋಣ, ಯಾಕಂದರೆ ಅದು ಬಡವರ ಬೇನೆ. ಭಾರತದಲ್ಲಿ ೨೦೧೯ರಲ್ಲಿ ಹೊಸದಾಗಿ ದಾಖಲಾದ ಕ್ಷಯರೋಗಿಗಳು ೨೪ ಲಕ್ಷಕ್ಕೆ ಮಿಕ್ಕಿ. ೨೦೨೦ರಲ್ಲಿ ಸುಮಾರು ೧೮ ಲಕ್ಷ. ಆರು ಲಕ್ಷ ಜನರ ಕ್ಷಯವು ಒಂದು ವರ್ಷದಲ್ಲಿ ತಾನಾಗಿ ಮಾಯವಾಯಿತೆಂದು ಯಾವ ಮೂರ್ಖನೂ ನಂಬಲಾರನು. ಅವರು ಕೆಮ್ಮುತ್ತ ಮನೆಯಲ್ಲಿ ಉಳಿದರು; ಕೆಮ್ಮೆಂದರೆ ಕೋವಿಡ್ಡೆಂದು ಒಯ್ಯುವರೆಂಬ ಅಂಜಿಕೆಯಿಂದ ಬಾಯಿಗೆ ಸೆರಗು ಒತ್ತಿಕೊಂಡು ಉಳಿದರು. ಕಫವನ್ನು ಪರೀಕ್ಷಿಸುವ ಯಂತ್ರಗಳೂ ಆ ಕೆಲಸದವರೂ ಕೋವಿಡ್ ಪರೀಕ್ಷೆಗೆ ಹೋಗಿದ್ದರು. ಪರೀಕ್ಷೆಯಾಗದೆ ಉಳಿದ ಕ್ಷಯವು ಮನೆಮಂದಿಗೆ ಹರಡುವದು. ಅರ್ಧಕ್ಕೆ ಬಿಟ್ಟ ಗುಳಿಗೆಯು ಮುಂದೆ ಯಾವ ಔಷಧಕ್ಕೂ ಬಗ್ಗದ ಕ್ಷಯವನ್ನು ಹುಟ್ಟಿಸುವದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ಕ್ಷಯದಿಂದ ಸಾಯುವವರ ಸಂಖ್ಯೆಯು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತ ಬಂದದ್ದು ೨೦೨೦ರಲ್ಲಿ ತಿರುಗಿ ಏರಿತು.

ಹೃದ್ರೋಗದ ಲೆಕ್ಕವೂ ಹೀಗೆಯೇ. ೨೦೨೦ರ ಮಾರ್ಚ ನಡುವಿನಿಂದ ಜೂನ ನಡುವಿನವರೆಗೆ ದೇಶದ ೧೮೭ ಆಸ್ಪತ್ರೆಗಳಲ್ಲಿ ಹೃದಯಾಘಾತವಾಗಿ ಸೇರಿದವರು ಹಿಂದಿನ ವರ್ಷಕ್ಕಿಂತ ನೂರಕ್ಕೆ ೩೫ರಷ್ಟು ಕಡಿಮೆಯಾದರು. ಹಾಗೆ ಬಾರದೆ ಉಳಿದವರು ಎಲ್ಲಿ ಹೋದರೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ರಕ್ತಶುದ್ಧಿಯ ಯಂತ್ರವನ್ನು ನೆಚ್ಚಿದ ಮೂತ್ರಪಿಂಡದ ರೋಗಿಗಳಲ್ಲಿ, ದೊಡ್ಡ ಆಸ್ಪತ್ರೆಗಳ ಒಂದು ಸಮೀಕ್ಷೆಯಂತೆ, ನೂರಕ್ಕೆ ೨೮ ಜನರು ಒಂದಾದರೂ ಸರದಿಯನ್ನು ತಪ್ಪಿಸಿಕೊಂಡರು. ಮಕ್ಕಳ ಲಸಿಕೆಯ ಮಾತು: ಮೊದಲನೆಯ ಚುಚ್ಚುಮದ್ದನ್ನೂ ಕಾಣದ ಕೂಸುಗಳು ಭಾರತದಲ್ಲಿ ೨೦೧೯ರಲ್ಲಿ ಸುಮಾರು ೧೪ ಲಕ್ಷವಿದ್ದದ್ದು ೨೦೨೦ರಲ್ಲಿ ೩೦ ಲಕ್ಷಕ್ಕೆ ಏರಿತು. ೨೦೨೨ರಲ್ಲಿ ಮುಂಬಯಿ, ಮಾಲೇಗಾವಗಳಲ್ಲಿ ಗೋವರವು ಎದ್ದು ಮಕ್ಕಳನ್ನು ಕೊಂದದ್ದಕ್ಕೂ ಈ ತಪ್ಪಿದ ಲಸಿಕೆಗೂ ಸಂಬಂಧವಿಲ್ಲದಿಲ್ಲ.

ಅರ್ಬುದದ ವಿಷಯವಾಗಿ ಬರೆಯುವಾಗ ನನ್ನ ಲೇಖನಿಯು ತಡೆಯುವದು. ದೇಶದ ೪೧ ಅರ್ಬುದ ಚಿಕಿತ್ಸಾಲಯಗಳಲ್ಲಿ ೨೦೨೦ರ ಮಾರ್ಚದಿಂದ ಮೇವರೆಗೆ ಹೊಸದಾಗಿ ಬಂದ ರೋಗಿಗಳು ಹಿಂದಿನ ವರ್ಷದ ಅದೇ ಕಾಲಕ್ಕಿಂತ ನೂರಕ್ಕೆ ೫೪ರಷ್ಟು ಕಡಿಮೆಯಾದರು. ದೊಡ್ಡ ಶಸ್ತ್ರಕ್ರಿಯೆಗಳು ಸುಮಾರು ಅರ್ಧಕ್ಕೆ ಇಳಿದವು. ಆ ಬಾರದೆ ಉಳಿದವರಲ್ಲಿ ನಮ್ಮ ಮನೆಯ ದೊಡ್ಡವ್ವನೂ ಒಬ್ಬಳು. ಆ ವರ್ಷದ ಶಿವರಾತ್ರಿಯ ಸುಮಾರಿಗೆ ಅವಳ ಎದೆಯಲ್ಲಿ ಕಡಲೆಯಷ್ಟು ಗಂಟು ಕಂಡಿತು. ನೋವಿದ್ದಿಲ್ಲ. ಯುಗಾದಿ ಮುಗಿಯಲಿ, ರಾಶಿ ಮನೆಗೆ ಬರಲಿ, ಅನಂತರ ಗಡಿಯಾಚೆಯ ದೊಡ್ಡ ದವಾಖಾನೆಗೆ ಹೋಗೋಣವೆಂದು ಹೇಳಿದಳು. ಯುಗಾದಿಯ ದಿನ ದೇಶವೇ ಮುಚ್ಚಿತು. ಒಂದು ದವಾಖಾನೆಗೆ ಫೋನು ಮಾಡಿದರೆ ತುರ್ತಿನವರನ್ನು ಮಾತ್ರ ನೋಡುವೆವೆಂದರು; ನೋವಿಲ್ಲದ ಗಂಟು ತುರ್ತಿನದೆಂದು ಯಾರಿಗೆ ತೋರೀತು? ಇನ್ನೊಂದು ಕಡೆ ಗಡಿಯ ಪಾಸು ಕೇಳಿದರು. ಪಾಸಿಗೆ ಡಾಕ್ತರರ ಚೀಟಿ ಬೇಕು, ಡಾಕ್ತರರನ್ನು ಕಾಣಲಿಕ್ಕೆ ಪಾಸು ಬೇಕು. ಮನೆಯ ಗಂಡಸರಿಗೆ ಹೇಳಲಿಕ್ಕೂ ಅವಳು ಸಂಕೋಚಪಡುತ್ತಿದ್ದಳು. ಹೀಗೆ ಮಳೆಗಾಲವೆಲ್ಲ ಕಳೆಯಿತು. ಸೆಪ್ಟೆಂಬರದಲ್ಲಿ ಬಾಡಿಗೆಯ ಜೀಪು ಮಾಡಿಕೊಂಡು ಹೋದಾಗ ಆ ಗಂಟು ನಿಂಬೆಕಾಯಿಯಷ್ಟಾಗಿತ್ತು, ಕಂಕುಳಲ್ಲಿ ಬೇರೆ ಗಂಟುಗಳು ಎದ್ದಿದ್ದವು. ತರುಣ ಡಾಕ್ತರನು ಕಾಗದದಿಂದ ತಲೆಯೆತ್ತದೆ, "ಇಷ್ಟು ದಿನ ಎಲ್ಲಿದ್ರಿ?" ಎಂದು ಕೇಳಿದನು. "ಎಲ್ಲೀಗೂ ಹೋಗಿರಲಿಲ್ಲ ಸಾಹೇಬರ, ಮನ್ಯಾಗೇ ಇದ್ನಿ" ಎಂದು ಅವಳು ಉತ್ತರಕೊಟ್ಟಳು. ಅವನು ಆಗ ತಲೆಯೆತ್ತಿ ನೋಡಿದನು, ಏನೂ ಅನ್ನಲಿಲ್ಲ.

ಈ ಬಗೆಯ ಕೇಡು ಕೋವಿಡ್ಡಿಗೆ ಮಾತ್ರ ವಿಶೇಷವಾದದ್ದೆಂದು ತಿಳಿಯಕೂಡದು. ೨೦೧೪ರಿಂದ ೨೦೧೬ರವರೆಗೆ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಎಂಬ ಘೋರ ಜ್ವರವೆದ್ದು ೧೧ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಅದೇ ಕಾಲದಲ್ಲಿ ಆಸ್ಪತ್ರೆಗಳು ಕುಸಿದದ್ದರಿಂದ ಮಲೇರಿಯಾ, ಕ್ಷಯ, ಏಡ್ಸ್ ರೋಗಗಳಿಗೆ ಔಷಧವಿಲ್ಲದೆ ಸತ್ತವರು ೧೦ ಸಾವಿರಕ್ಕೂ ಹೆಚ್ಚೆಂದು ಪಂಡಿತರು ಗುಣಿಸಿದ್ದಾರೆ. ಮಾರಿಯು ಎದುರಿನಿಂದ ಕೊಂದವರಷ್ಟೇ ಜನರನ್ನು ಹಿಂದಿನ ಬಾಗಿಲಿನಿಂದಲೂ ಕೊಂದಿತೆಂದಾಯಿತು. ೨೦೨೦ರಲ್ಲಿ ಧನಿಕ ದೇಶಗಳೂ ಪಾರಾಗಲಿಲ್ಲ. ಮಾರಿಯ ಮೊದಲ ರಭಸದ ಹನ್ನೆರಡು ವಾರಗಳಲ್ಲಿ ಲೋಕದಾದ್ಯಂತ ೨ ಕೋಟಿ ೮೦ ಲಕ್ಷಕ್ಕೂ ಮೇಲ್ಪಟ್ಟು ಶಸ್ತ್ರಕ್ರಿಯೆಗಳು ಮುಂದಕ್ಕೆ ಹೋಗುವವೆಂದು ಅಂದಾಜು ಮಾಡಿದ್ದರು. ಕಣ್ಣಿನ ಪೊರೆ, ಅಂತ್ರವೃದ್ಧಿ, ಮೊಣಕಾಲು ಮುಂತಾದವುಗಳನ್ನು ತಡೆದುಕೊಳ್ಳಬಹುದೆಂದು ನಾವು ಅನ್ನುತ್ತೇವೆ. ಆದರೆ ಪೊರೆ ಬಂದ ಒಂಟಿ ಮುದುಕಿಗೆ ಆರು ತಿಂಗಳ ಕತ್ತಲೆಯೆಂದರೇನೆಂಬುದು ಅವಳಿಗೇ ಗೊತ್ತು.

ಒಳ್ಳೆಯದನ್ನೂ ಹೇಳದೆ ಬಿಡುವದು ಸರಿಯಲ್ಲ. ಲಾಕ್‌ಡೌನು ಆರಂಭವಾದ ದಿನವೇ, ಮಾರ್ಚ ೨೫ರಂದು, ದೂರದಿಂದ ಫೋನಿನ ಮೂಲಕ ಔಷಧ ಹೇಳುವದಕ್ಕೆ ವೈದ್ಯರಿಗೆ ಅನುಮತಿ ಕೊಟ್ಟು ನಿಯಮಗಳನ್ನು ಪ್ರಕಟಿಸಿದರು. ಏಪ್ರಿಲದಲ್ಲಿ ಕೇಂದ್ರದ ಆರೋಗ್ಯ ಇಲಾಖೆಯು ಹೆರಿಗೆ, ಲಸಿಕೆ, ಕ್ಷಯ, ರಕ್ತಶುದ್ಧಿ ಮೊದಲಾದವು ನಿಲ್ಲತಕ್ಕವಲ್ಲವೆಂದು ಎಲ್ಲ ರಾಜ್ಯಗಳಿಗೂ ಬರೆಯಿತು. ಕೋವಿಡ್ಡಿನವರನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿ, ಸೌಮ್ಯವಾದವರನ್ನು ವಿದ್ಯಾರ್ಥಿನಿಲಯ, ವಸತಿಶಾಲೆಗಳಲ್ಲಿ ಇಟ್ಟು, ಕಠಿಣರಾದವರನ್ನು ಮಾತ್ರ ಆಸ್ಪತ್ರೆಗೆ ಒಯ್ಯಬೇಕೆಂಬ ಕ್ರಮವೂ ಬಂದಿತು. ಇದರಿಂದ ಆಸ್ಪತ್ರೆಯ ಮಂಚಗಳು ಕ್ರಮೇಣ ಮಿಕ್ಕವರಿಗೂ ತೆರವಾದವು. ಎಲ್ಲಕ್ಕೂ ಮಿಗಿಲಾಗಿ ನೆನೆಯತಕ್ಕವರು ಆಶಾ ಕಾರ್ಯಕರ್ತೆಯರು. ಬಿಸಿಲಲ್ಲಿ ಮನೆಮನೆಯ ಜ್ವರದ ಲೆಕ್ಕ ಬರೆಯುತ್ತಲೇ, ಅದೇ ಚೀಲದಲ್ಲಿ ಕ್ಷಯದ ಗುಳಿಗೆಯನ್ನೂ ಬಸುರಿಯರ ಕಬ್ಬಿಣದ ಗುಳಿಗೆಯನ್ನೂ ತಂದುಕೊಟ್ಟವರು ಅವರು. ಕೆಲವು ಊರುಗಳಲ್ಲಿ ಅವರ ಮೇಲೆ ಕೈಮಾಡಿದವರೂ ಇದ್ದರೆಂಬುದು ನಾಚಿಕೆಯ ಮಾತು.

೨೦೨೧ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯನ್ನು ಇಲ್ಲಿ ವಿಸ್ತರಿಸುವದಿಲ್ಲ. ಆಗ ಆಮ್ಲಜನಕಕ್ಕೇ ಹಾಹಾಕಾರವೆದ್ದು, ಕೋವಿಡ್ ರೋಗಿಗಳಿಗೇ ಮಂಚವಿಲ್ಲದಾಗ ಇತರರ ಮಾತು ಆಡುವವರೇ ಇದ್ದಿಲ್ಲ. ಆದರೆ ಆ ಹೊತ್ತಿಗೆ ವೈದ್ಯರಿಗೂ ಜನರಿಗೂ ಒಂದಿಷ್ಟು ಪಾಠವಾಗಿದ್ದಿತು.

ದೊಡ್ಡಾಸ್ಪತ್ರೆಗಳನ್ನು ಕೋವಿಡ್ಡಿಗೆ ಕೊಟ್ಟದ್ದೇ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಆ ಹೊತ್ತಿನಲ್ಲಿ ಬೇರೆ ಗತಿಯಿದ್ದಿಲ್ಲ. ತಪ್ಪಿರುವದು ಅದರ ಹಿಂದಿನ ಅನೇಕ ದಶಕಗಳಲ್ಲಿ. ಸಿಡುಬು ಹೋಯಿತು, ಪ್ಲೇಗು ಹೋಯಿತು, ಕಾಲರಾ ಅಡಗಿತು. ಇನ್ನು ಪ್ರತ್ಯೇಕ ಆಸ್ಪತ್ರೆಗಳೇ ಬೇಡವೆಂದು ನಾಡಿನ ಅನೇಕ ಕಡೆಗಳಲ್ಲಿ ಹಳೆಯ ಐಸೊಲೇಶನ್ ಆಸ್ಪತ್ರೆಗಳನ್ನು ಅಲಕ್ಷ್ಯಕ್ಕೆ ಬಿಟ್ಟೆವು. ಜಿಲ್ಲೆಗೊಂದೇ ದೊಡ್ಡ ಆಸ್ಪತ್ರೆ, ಅದರಲ್ಲಿಯೇ ಎಲ್ಲವೂ, ಎಂಬುದನ್ನು ಪ್ರಗತಿಯೆಂದು ತಿಳಿದೆವು. ಒಂದೇ ಬಾವಿಯ ಊರಿನಲ್ಲಿ ಆ ಬಾವಿಗೆ ಕಾವಲು ಕೂತರೆ ನೀರಡಿಸಿದವರು ಏನು ಮಾಡಬೇಕು? ಹೈದರಾಬಾದಿನ ಹಳಬರು ನೂರು ವರ್ಷಗಳ ಹಿಂದೆ ಕೊರಂಟಿ ದವಾಖಾನೆಯನ್ನು ಉಸ್ಮಾನಿಯಾದಿಂದ ಬೇರೆಯಾಗಿ ಕಟ್ಟಿದ್ದಕ್ಕೆ ಕಾರಣವಿದ್ದಿತು.

ನಮ್ಮ ದೊಡ್ಡವ್ವನಿಗೆ ಆ ವರ್ಷದ ದೀಪಾವಳಿಯ ಬಳಿಕ ಶಸ್ತ್ರಕ್ರಿಯೆಯಾಯಿತು. ಔಷಧದಿಂದ ಕೂದಲು ಉದುರಿತು. ಉದುರಿದ್ದಕ್ಕೆ ಅವಳು ಅಷ್ಟಾಗಿ ಅಳಲಿಲ್ಲ, ಜಾತ್ರೆಗೆ ಹೋಗಲಾಗಲಿಲ್ಲವೆಂದು ಅತ್ತಳು. ೨೦೨೧ರ ಮಾರ್ಗಶಿರದಲ್ಲಿ ಅವಳು ಲಿಂಗೈಕ್ಯಳಾದಳು. ಅವಳ ಟ್ರಂಕನ್ನು ತೆಗೆದಾಗ ಇಳಕಲ್ಲ ಸೀರೆಯ ಮಡಿಕೆಯಲ್ಲಿ ಗಡಿಯ ಪಾಸಿನ ಅರ್ಜಿಯ ನಕಲು ಸಿಕ್ಕಿತು. ಅದರಲ್ಲಿ 'ಪ್ರಯಾಣದ ಕಾರಣ' ಎಂಬ ಸಾಲಿನ ಮುಂದೆ, ಅವಳು ಹೇಳಿ ನನ್ನ ಕೈಯಿಂದಲೇ ಬರೆಯಿಸಿದ್ದ ಮಾತು, 'ತುರ್ತಿಲ್ಲ' ಎಂದು ಇತ್ತು.